ನಿಂಗಾಜಮ್ಮ ಕೂತ ಜಾಗಗಳು

ನಮ್ಮೂರಿನ ಪುರಸಭೆಯವರು ನಿಂಗಾಜಮ್ಮನ ಪ್ರತಿಮೆ ಮಾಡಿಸಿದ್ದಾರೆ. ನಿಂತ ಪ್ರತಿಮೆ. ಕೈಯಲ್ಲೊಂದು ಪುಸ್ತಕ, ಮುಖದ ಮೇಲೆ ಆಕೆ ಬದುಕಿದ್ದಾಗ ಯಾರಿಗೂ ತೋರಿಸದ ಒಂದು ಸೌಮ್ಯವಾದ ನಗೆ. ಆಯುಷ್ಯವೆಲ್ಲ ಕೂತೇ ಊರನ್ನು ಅಲ್ಲಾಡಿಸಿದ ಹೆಂಗಸನ್ನು ಸತ್ತ ಮೇಲಾದರೂ ಎಬ್ಬಿಸಿ ನಿಲ್ಲಿಸಿದೆವಲ್ಲ ಎಂಬ ಸಮಾಧಾನ ಪ್ರತಿಮೆ ಸಮಿತಿಯವರಿಗೆ ಇದ್ದೀತು. ಅನಾವರಣದ ದಿನ ಭಾಷಣ ಮಾಡಿದವರು ಆಕೆಯನ್ನು ತಾಯಿ ಎಂದರು, ಜ್ಯೋತಿ ಎಂದರು, ಒಬ್ಬರಂತೂ ಸಾಗರ ಎಂದರು. ಆಕೆ ಮಾಡಿದ್ದು ಏನು ಎಂಬುದನ್ನು ಮಾತ್ರ ಒಬ್ಬರೂ ಹೇಳಲಿಲ್ಲ. ಆದ್ದರಿಂದ ನಾನು ಹೇಳಬೇಕಾಗಿದೆ. ಆ ಕಾಲಕ್ಕೆ ನಾನು ಪುರಸಭೆಯ ವಾಚನಾಲಯ ನೋಡಿಕೊಳ್ಳುತ್ತಿದ್ದೆ. ಊರಿನ ಸುದ್ದಿ ಪತ್ರಿಕೆಗೆ ಹೋಗುವ ಮೊದಲು ನನ್ನ ಬೆಂಚಿಗೆ ಬಂದು ಹೋಗುತ್ತಿತ್ತು.

ನಮ್ಮದು ಚಳಿಯ ಊರು. ಗುಡ್ಡದ ನೆತ್ತಿಯಲ್ಲಿ ಮೇಲ್ಕೇರಿ, ಇಳಿಜಾರಿನ ಕೊನೆಗೆ, ಇಟ್ಟಿಗೆ ಗೂಡುಗಳ ಪಕ್ಕಕ್ಕೆ, ಕೆಳಕೇರಿ. ಕೆಳಕೇರಿಯವರು ಎಲ್ಲಿ ಕೂತರೂ ಆ ಜಾಗ ಬೆಚ್ಚಗಾಗುತ್ತಿತ್ತು, ಮರುದಿನ ಬಿಸಿಲು ಏರುವವರೆಗೆ ಆರುತ್ತಿರಲಿಲ್ಲ. ಮೇಲ್ಕೇರಿಯವರು ಕೂತೆದ್ದ ಜಾಗ ಮೊದಲು ಹೇಗಿತ್ತೋ ಹಾಗೇ, ತಣ್ಣಗೆ. ಹೀಗಾಗಿ ನಾವು ಎಲ್ಲಿಗೆ ಹೋದರೂ ಕೂರುವ ಮುಂಚೆ, ಮಗುವಿಗೆ ಜ್ವರ ಇದೆಯೇ ಎಂದು ನೋಡುವವರ ಹಾಗೆ, ಬೆರಳ ಹಿಂಬದಿಯಿಂದ ಜಾಗವನ್ನು ಮುಟ್ಟಿ ನೋಡುತ್ತಿದ್ದೆವು. ಬಂದ ನೆಂಟರಿಗೆ “ನೋಡ್ಕೊಂಡು ಕೂತ್ಕೊಳ್ಳಿ” ಎನ್ನುವುದು ಮರ್ಯಾದೆ. ನೋಡದೆ ದೊಪ್ಪನೆ ಕೂರುವ ಗಂಡಿಗೆ ಹೆಣ್ಣು ಸಿಗುತ್ತಿರಲಿಲ್ಲ. ಬೆಚ್ಚಗಿನ ಜಾಗದಲ್ಲಿ ಕೂತರೆ ಏನಾಗುತ್ತದೆ ಎಂದು ಚಿಕ್ಕಂದಿನಲ್ಲಿ ನನ್ನ ಸೋದರತ್ತೆ ಪದ್ದತ್ತೆಯನ್ನು ಕೇಳಿದ್ದೆ. “ಏನಾಗುತ್ತೋ ಯಾರಿಗ್ಗೊತ್ತು? ನಮ್ಮವರಲ್ಲಿ ಯಾರಾದ್ರೂ ಕೂತಿದ್ರೆ ತಾನೆ ಗೊತ್ತಾಗೋದು” ಎಂದಿದ್ದಳು. ಆಮೇಲೆ ನಾನು ಧರ್ಮಶಾಸ್ತ್ರದ ದಪ್ಪ ದಪ್ಪ ಗ್ರಂಥಗಳನ್ನು ಓದಿದ್ದೇನೆ. ಇಷ್ಟು ಅಡಕವಾಗಿ ಹೇಳಿದವರನ್ನು ಕಾಣೆ.

ಶಾಲೆಗಳು ಸಹಜವಾಗಿಯೇ ಎರಡು. ಮೇಲೆ ಏಳನೆಯ ತರಗತಿಯವರೆಗೆ ಕಲ್ಲಿನ ಶಾಲೆ, ಕೆಳಗೆ ನಾಲ್ಕನೆಯವರೆಗೆ ತಗಡಿನ ಶಾಲೆ. ನಾಲ್ಕು ಮುಗಿಸಿದ ಮಕ್ಕಳು ಗೂಡಿಗೆ ಮಣ್ಣು ತುಳಿಯಲು ಹೋಗುತ್ತಿದ್ದರು. ಕೆಳಗೂ ಐದನೆಯ ತರಗತಿ ತೆರೆಯುತ್ತೇವೆ, ಬರೋ ವರ್ಷ, ಎಂದು ಸ್ಕೂಲ್ ಬೋರ್ಡು ಪ್ರತಿವರ್ಷವೂ ಹೇಳುತ್ತಿತ್ತು. ನಮ್ಮೂರಲ್ಲಿ ‘ಬರೋ ವರ್ಷ’ ಎಂಬುದು ಕಾಲವಲ್ಲ, ಒಂದು ದೂರದ ಸ್ಥಳ. ಅಲ್ಲಿಗೆ ಹೋಗಿಬಂದವರು ಯಾರೂ ಇರಲಿಲ್ಲ. ಬೋರ್ಡಿನ ಅಧ್ಯಕ್ಷರು ದೊರೆಸಾಮಯ್ಯನವರು, ಇಟ್ಟಿಗೆ ಗೂಡುಗಳ ಮಾಲೀಕರೂ ಅವರೇ. ಕೆಳಕೇರಿಯ ಮಕ್ಕಳೆಲ್ಲ ಐದನೆಯ ತರಗತಿಗೆ ಹೋದರೆ ಮಣ್ಣು ತುಳಿಯುವವರು ಯಾರು ಎಂದು ಅವರು ಎಂದೂ ಬಾಯಿಬಿಟ್ಟು ಕೇಳಿದವರಲ್ಲ. ಸಂಸ್ಕಾರವಂತರು.

ನಿಂಗಾಜಮ್ಮ ತಗಡಿನ ಶಾಲೆಯ ಮೇಡಮ್ಮು. ಹುಟ್ಟಿದ್ದು ಅದೇ ಕೇರಿಯಲ್ಲಿ. ನಾಲ್ಕನೆಯ ತರಗತಿಯಾದ ಮೇಲೆ ಅವಳ ಅಪ್ಪ ಯಾರಿಗೂ ಹೇಳದೆ ಅವಳನ್ನು ಬೆಟ್ಟದಾಚೆಯ ಊರಿನ ಹಾಸ್ಟೆಲಿಗೆ ಸೇರಿಸಿಬಂದಿದ್ದ. “ಅಲ್ಲಿ ಚಳಿಗಾಲದಲ್ಲಿ ಹುಡುಗೀರೆಲ್ಲ ನನ್ನ ಪಕ್ಕ ಕೂರೋಕೆ ಜುಟ್ಟು ಹಿಡ್ಕೊಂಡು ಹೊಡೆದಾಡೋರು ಸ್ವಾಮಿ” ಎಂದು ಮುಂದೊಂದು ದಿನ ನನಗೆ ಹೇಳಿದಳು. “ಅಲ್ಲೀತನಕ ನಾನೂ ಅದು ರೋಗ ಅಂತ್ಲೇ ತಿಳ್ಕೊಂಡಿದ್ದೆ.” ಓದಿ ಮೇಡಮ್ಮಾಗಿ ಊರಿಗೆ ಮರಳಿದಳು, ಮದುವೆಯಾದಳು. ಗೂಡಿನ ಗೋಡೆ ಕುಸಿದು ಗಂಡ ಹೋದ. ಉಳಿದದ್ದು ಒಬ್ಬಳೇ ಮಗಳು, ಹೊಂಬಾಳೆ. ಆ ವರ್ಷ ಹೊಂಬಾಳೆ ನಾಲ್ಕನೆಯ ತರಗತಿ ಮುಗಿಸಿದಳು. ದೀಪಾವಳಿಯೊಳಗೆ ಯಾವ ಶಾಲೆಗೂ ಸೇರದ ಮಕ್ಕಳನ್ನು ಗೂಡಿನ ಮೇಸ್ತ್ರಿ ಬಂದು ಕರೆದೊಯ್ಯುವುದು ರೂಢಿ. ಅವನು ಆಗಲೇ ಒಂದು ಸಲ ಬಂದು ಹುಡುಗಿಯ ಕಾಲು ನೋಡಿಕೊಂಡು, “ಗಟ್ಟಿಯಾಗವೆ” ಎಂದು ಹೇಳಿ ಹೋಗಿದ್ದ.

ನಿಂಗಾಜಮ್ಮ ಮಗಳ ಕೈಹಿಡಿದು ಕಲ್ಲಿನ ಶಾಲೆಗೆ ಬಂದ ದಿನ ನಾನು ಅಲ್ಲೇ ಇದ್ದೆ. ಹೆಡ್‌ಮಾಸ್ಟರ್ ನಾಗಪ್ಪಯ್ಯನವರು ಓದಲು ತರಿಸಿಕೊಂಡು ಹಿಂತಿರುಗಿಸದ ಪತ್ರಿಕೆಗಳನ್ನು ವಸೂಲು ಮಾಡಲು ಹೋಗಿದ್ದೆ. “ಸೀಟಿಲ್ಲಮ್ಮ” ಎಂದರು ಅವರು, ತಲೆಯೆತ್ತದೆ. “ಐದನೇ ಕ್ಲಾಸಲ್ಲಿ ಎರಡು ಬೆಂಚು ಖಾಲಿ ಬಿದ್ದಿದೆ ಸಾರ್. ಕಿಟಕೀಲಿ ನೋಡ್ಕೊಂಡೇ ಬಂದೆ.” ಮಾಸ್ತರರು ಕನ್ನಡಕ ತೆಗೆದರು. “ಖಾಲಿ ಇದೆ, ಇಲ್ಲ ಅನ್ನಲ್ಲ. ನಿನ್ನ ಮಗಳು ಕೂತ್ರೆ ಬಿಸಿಯಾಗುತ್ತಲ್ಲ.” “ಆಗ್ಲಿ ಬಿಡಿ. ಅದ್ರಲ್ಲಿ ಅವಳೇ ತಾನೆ ಕೂರೋದು?” “ಹಾಗಲ್ಲಮ್ಮ. ಬೆಂಚಿಗೆ ಬೆಂಚು ತಾಗಿರುತ್ತೆ. ಬಿಸಿ ಹರಿಯುತ್ತೆ. ಇದು ವಿಜ್ಞಾನ. ನೀನೂ ಪಾಠ ಹೇಳೋಳು, ನಿನಗೆ ಗೊತ್ತಿರ್ಬೇಕು.” ನಿಂಗಾಜಮ್ಮ ತಲೆಯಾಡಿಸಿದಳು. “ಗೊತ್ತು ಸಾರ್. ಹೆಚ್ಚಿದ್ದ ಕಡೆಯಿಂದ ಕಡಿಮೆ ಇದ್ದ ಕಡೆಗೆ ಹರಿಯುತ್ತೆ. ಹಂಗಾದ್ರೆ ಇಷ್ಟು ವರ್ಷದಲ್ಲಿ ನಿಮ್ಮ ಶಾಲೆಯಿಂದ ನಮ್ಮ ಶಾಲೆ ಕಡೆಗೆ ಏನಾದ್ರೂ ಹರಿದು ಬರ್ಬೇಕಿತ್ತಲ್ಲ? ಒಂದು ಸೀಮೆಸುಣ್ಣನೂ ಬರ್ಲಿಲ್ಲ.” ಮಾಸ್ತರರು ಕನ್ನಡಕ ಹಾಕಿಕೊಂಡು, ಬೋರ್ಡಿನ ಅಧ್ಯಕ್ಷರನ್ನು ಕೇಳು ಎಂದರು. ಅಧ್ಯಕ್ಷರನ್ನು ಕೇಳಿದಳು. ಬರೋ ವರ್ಷ ಎಂದರು.

ಮಾರನೆಯ ಬೆಳಿಗ್ಗೆ ನಾನು ವಾಚನಾಲಯದ ಬಾಗಿಲು ತೆಗೆಯುವುದಕ್ಕೂ ಅವಳು ಮೆಟ್ಟಿಲು ಹತ್ತುವುದಕ್ಕೂ ಸರಿಯಾಯಿತು. ಕೆಳಕೇರಿಯವರು ಪತ್ರಿಕೆ ಓದಬಾರದು ಎಂಬ ನಿಯಮವೇನೂ ಇರಲಿಲ್ಲ. ಕಿಟಕಿಯ ಹೊರಗೆ ನಿಂತು ಓದಬಹುದಾಗಿತ್ತು. ಅವಳು ಒಳಗೆ ಬಂದಳು. “ಕೂರ್ಲಾ ಅಂತ ಕೇಳ್ತಾ ಇಲ್ಲ ಸ್ವಾಮಿ. ಕೂರ್ತೀನಿ ಅಂತ ಹೇಳ್ತಾ ಇದೀನಿ” ಎಂದು ಹೇಳಿ, ಬೆಂಚಿನ ನಟ್ಟನಡುವೆ ಕೂತು, ಪತ್ರಿಕೆ ಬಿಡಿಸಿ, ಮೊದಲ ಪುಟದಿಂದ ಹರಾಜಿನ ಜಾಹೀರಾತಿನವರೆಗೆ ಓದಿದಳು. “ಒಳ್ಳೇ ಪೇಪರ್ರು. ಹೊರಗಿಂದ ಅರ್ಧ ಪುಟ ಮಾತ್ರ ಕಾಣೋದು” ಎಂದು ಎದ್ದು ಶಾಲೆಗೆ ಹೋದಳು. ಆಮೇಲೆ ಬಂದ ವಕೀಲರು ಬೆಂಚನ್ನು ಮುಟ್ಟಿ ನೋಡಿ ಕೈ ಝಾಡಿಸಿ, ಆ ದಿನದ ರಾಜಕೀಯವನ್ನೆಲ್ಲ ನಿಂತುಕೊಂಡೇ ಚರ್ಚಿಸಿದರು. ಎಂದಿಗಿಂತ ಬೇಗ ಮುಗಿಯಿತು.

ಅಲ್ಲಿಂದ ಮುಂದೆ ಅವಳು ಪಾಠ ಮುಗಿಸಿ ದಿನಕ್ಕೊಂದು ಕಡೆ ಕೂತಳು. ಬಸ್ ಸ್ಟ್ಯಾಂಡು, ಪೋಸ್ಟಾಫೀಸಿನ ಜಗಲಿ, ಅರಳಿಕಟ್ಟೆ, ಪುರಸಭೆಯಲ್ಲಿ ಅಹವಾಲು ತಂದವರು ಕಾಯುವ ಸೋಫಾ. ಏನೂ ಕೂಗಲಿಲ್ಲ, ಬಾವುಟ ಹಿಡಿಯಲಿಲ್ಲ. ಕೂತಳು, ಎದ್ದಳು, ಹೋದಳು. ನಂತರ ಕೇರಿಯ ಹೆಂಗಸರು ಗೂಡಿಗೆ ಹೋಗುವ ಮುಂಚೆ ಮೇಲಕ್ಕೆ ಬಂದು ಒಂದಷ್ಟು ಹೊತ್ತು ಕೂತು ಇಳಿಯತೊಡಗಿದರು. ಒಬ್ಬಳು ಕ್ಷೌರದಂಗಡಿಯ ತಿರುಗುವ ಕುರ್ಚಿಯಲ್ಲಿ ಕೂತು ಒಂದು ಸುತ್ತು ತಿರುಗಿ ಬಂದದ್ದನ್ನು ಕೇರಿಯಲ್ಲಿ ಬಹಳ ದಿನ ಹೇಳಿಕೊಂಡು ನಗುತ್ತಿದ್ದರು. ಶ್ರಾವಣ ಬರುವಷ್ಟರಲ್ಲಿ ಮೇಲ್ಕೇರಿಯ ಬೀದಿಗಳಲ್ಲಿ ಕೂರಲು ತಣ್ಣನೆಯ ಜಾಗ ಒಂದೂ ಉಳಿದಿರಲಿಲ್ಲ. ಊರಿಗೆ ಊರೇ ನಿಂತಿತು. ಇಸ್ಪೀಟಿನವರು ಎದೆಮಟ್ಟದ ಮೇಜು ಮಾಡಿಸಿಕೊಂಡರು. ಹರಿಕಥೆ ಕೇಳುವವರು ಗೋಡೆಗೆ ಒರಗಿ ತೂಕಡಿಸುವುದನ್ನು ಕಲಿತರು. ನಿಲ್ಲುವುದೇ ಆರೋಗ್ಯಕ್ಕೆ ಒಳ್ಳೆಯದು ಎಂದು ಒಬ್ಬ ವೈದ್ಯರು ನಮ್ಮ ವಾಚನಾಲಯದಲ್ಲಿ ಉಪನ್ಯಾಸವನ್ನೂ ಕೊಟ್ಟರು, ಕಂಬ ಹಿಡಿದುಕೊಂಡು.

ಪದ್ದತ್ತೆಗೆ ಮಂಡಿನೋವು. ನನ್ನನ್ನು ನೋಡುವ ನೆಪದಲ್ಲಿ ಆಕೆ ಆಗಾಗ ವಾಚನಾಲಯಕ್ಕೆ ಬರತೊಡಗಿದಳು. ಒಮ್ಮೆ ನಾನು ಒಳಕೋಣೆಯಿಂದ ಬಂದರೆ, ಕಣ್ಣು ಮುಚ್ಚಿ, ಸೆರಗು ಹೊದ್ದು, ಬೆಂಚಿನ ಮೇಲೆ ಬೆಚ್ಚಗೆ ಕೂತಿದ್ದಾಳೆ. “ಅತ್ತೆ, ಏನಾದ್ರೂ ಆಗ್ತಿದೆಯಾ?” ಎಂದೆ. ಕಣ್ಣು ತೆರೆಯದೆ, “ಆಗ್ತಿದೆ ಕಣೋ. ಮಂಡಿ ಮಡಚೋಕೆ ಆಗ್ತಿದೆ. ಬಾಯಿ ಮುಚ್ಕೊಂಡು ಬಾಗಿಲು ಹಾಕು” ಎಂದಳು.

ದೊರೆಸಾಮಯ್ಯನವರು ಪೊಲೀಸರಿಗೆ ಹೇಳಿದರು. ಇನ್‌ಸ್ಪೆಕ್ಟರು ಅವಳನ್ನು ಠಾಣೆಗೆ ಕರೆಸಿದರು. “ಏನಮ್ಮ, ಊರನ್ನೆಲ್ಲ ಬಿಸಿ ಮಾಡ್ತಾ ಇದೀಯಂತೆ?” “ಕೂತ್ಕೊಂಡೆ ಸಾರ್. ಯಾವ ಸೆಕ್ಷನ್ನು?” ಇನ್‌ಸ್ಪೆಕ್ಟರು ಪುಸ್ತಕ ತಿರುವಿದರು. ಕಾನೂನು ಬರೆದವರಿಗೆ ಕೂರುವುದೂ ಅಪರಾಧವಾದೀತೆಂದು ಹೊಳೆದಿರಲಿಲ್ಲ. ಪುಸ್ತಕದಲ್ಲಿ ಇಲ್ಲದಿದ್ದರೇನು, ಲಾಕಪ್ಪು ಇತ್ತು, ಹಾಕಿದರು. ಬಿಟ್ಟ ದಿನ ಅವಳು ಮನೆಗೆ ಹೋಗಲಿಲ್ಲ, ನೇರ ದೊರೆಸಾಮಯ್ಯನವರ ಮನೆಯ ಜಗಲಿಗೆ ಹೋಗಿ ಕೂತಳು. ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. “ಏಳೇ ಮೇಲೆ!” ಎಂದು ಅವರು ಒಳಗಿನಿಂದಲೇ ಗುಡುಗಿದರು. “ಈಗ ಏಳ್ತೀನಿ ಸ್ವಾಮಿ. ನನ್ನ ಮಗಳು ಶಾಲೇಲಿ ಕೂರೋ ದಿನದ ತನಕ ಮತ್ತೆ ಮತ್ತೆ ಬಂದು ಕೂರ್ತೀನಿ” ಎಂದಳು. ಅಲ್ಲಿಯವರೆಗೆ ಕುತೂಹಲದ ಸಂಗತಿಯಾಗಿದ್ದದ್ದು ಅಂದಿನಿಂದ ಜಿದ್ದಿನ ಸಂಗತಿಯಾಯಿತು.

ಅವಳ ಕೆಲಸ ಹೋಯಿತು. ಮನೆಯ ಮಾಡಿನ ತಗಡುಗಳನ್ನು ಹಾಡಹಗಲೇ ಯಾರೋ ಕಿತ್ತು ಕೆರೆಗೆ ಎಸೆದರು. ಯಾರೋ ಎಂದರೆ ಎಲ್ಲರಿಗೂ ಗೊತ್ತಿದ್ದವರು. ಮೇಲಕ್ಕೆ ಬಂದು ಕೂತ ಹೆಂಗಸರಿಗೆಲ್ಲ ಗೂಡಿನಲ್ಲಿ ಕೆಲಸವಿಲ್ಲ ಎಂದಾಯಿತು. ಕೇರಿಯಲ್ಲಿ ಒಲೆಗಳು ತಣ್ಣಗಾದವು. ಕೇರಿಯ ಹಿರಿಯ, ಕಲ್ಲುಕುಟಿಗ ಚೆಲುವಯ್ಯ, ಊರಿಗೆ ಚಪ್ಪಡಿ ಹಾಸಿಕೊಟ್ಟವನು, ಅವಳನ್ನು ಹುಡುಕಿಕೊಂಡು ವಾಚನಾಲಯಕ್ಕೇ ಬಂದ. ಬಾಗಿಲಲ್ಲೇ ನಿಂತು, “ಸಾಕು ಮಾಡವ್ವ. ನಿನ್ ಒಂದು ಕೂಸಿಗೋಸ್ಕರ ಕೇರಿ ಕೇರಿನೇ ಉಪಾಸ ಬೀಳಾದಾ?” ಎಂದ. ನಿಂಗಾಜಮ್ಮನಿಗೆ ಉತ್ತರ ತಕ್ಷಣ ಬರಲಿಲ್ಲ. ಅವಳಿಗೆ ಉತ್ತರ ತಡವಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೊನೆಗೆ, “ಒಂದು ಕೂಸಲ್ಲ ಕಣಪ್ಪ, ಮೊದಲ್ನೇ ಕೂಸು. ಬುಟ್ಟುಬುಡು ಅಂತೀಯಾ, ಬುಡ್ತೀನಿ. ನಿನ್ ಮೊಮ್ಮಗಳ ಕಾಲು ನೋಡೋಕೆ ಬಂದಾಗ ಮೇಸ್ತ್ರಿಗೆ ಏನ್ ಹೇಳ್ತೀಯ, ಅದನ್ನ ನಂಗೆ ಈಗ ಹೇಳು” ಎಂದಳು. ಚೆಲುವಯ್ಯ ಒಳಗೆ ಬಂದು, ಬೆಂಚಿನ ತುದಿಯಲ್ಲಿ, ಗಾಜಿನ ಸಾಮಾನಿನ ಮೇಲೆ ಕೂರುವವನ ಹಾಗೆ ಕೂತ.

ಇಷ್ಟರಲ್ಲಿ ದೊರೆಸಾಮಯ್ಯನವರಿಗೆ ಒಂದು ಯೋಚನೆ ಹೊಳೆಯಿತು. ಈ ಹೆಂಗಸು ಒಂದು ದಿನ ಕಲ್ಲಿನ ಶಾಲೆಗೂ ನುಗ್ಗಿ ಬೆಂಚುಗಳ ಮೇಲೆಲ್ಲ ಕೂತೆದ್ದರೆ? ಶಾಲೆಯೇ ಮುಳುಗಿತಲ್ಲ. ಕೂರುವುದಕ್ಕೆ ಏನೂ ಇಲ್ಲದಿದ್ದರೆ ಯಾವಳು ಎಲ್ಲಿ ಕೂರುತ್ತಾಳೆ? ಶಾಲೆಯ ಬೆಂಚುಗಳನ್ನೆಲ್ಲ ಹೊರಗೆ ಸಾಗಿಸಿ, ಗೋದಾಮಿನಲ್ಲಿ ಒಟ್ಟಿ, ಬೀಗ ಜಡಿಸಿದರು. ಮಕ್ಕಳು ನಿಂತು ಕಲಿಯಲಿ, ಹಿಂದೆ ಗುರುಕುಲದಲ್ಲಿ ಹಾಗೆಯೇ ಇತ್ತು ಎಂದರು. ಗುರುಕುಲದಲ್ಲಿ ಹಾಗಿರಲಿಲ್ಲ ಎಂದು ನಾನು ಪುಸ್ತಕ ತೋರಿಸಬಹುದಾಗಿತ್ತು, ಆದರೆ ಯಾರೂ ನನ್ನನ್ನು ಕೇಳಲಿಲ್ಲ.

ದೀಪಾವಳಿಗೆ ನೀರು ತುಂಬುವ ದಿನ ನಿಂಗಾಜಮ್ಮ ಮಗಳೊಂದಿಗೆ ಮತ್ತೆ ಹೆಡ್‌ಮಾಸ್ಟರ ಮುಂದೆ ನಿಂತಳು. ಆ ಹೊತ್ತಿಗೆ ನಾಗಪ್ಪಯ್ಯನವರ ಕಾಲು ಊದಿಕೊಂಡು ಅವರು ಗೋಡೆಗಾನಿ ನಿಂತಿದ್ದರು. “ಹೋದ್ಸಲ ಏನಂದ್ರಿ ಸಾರ್? ಬೆಂಚು ಬಿಸಿಯಾಗುತ್ತೆ ಅಂದ್ರಿ.” “ಹೂಂ, ಅಂದೆ.” “ಈಗ ಬೆಂಚೆಲ್ಲಿ?” ಮಾಸ್ತರರು ಸುತ್ತ ನೋಡಿದರು. “ಇಲ್ಲ.” “ಹಂಗಾದ್ರೆ ಏನು ಬಿಸಿಯಾಗುತ್ತೆ?” ಅವರು ತರ್ಕಶಾಸ್ತ್ರ ಓದಿಕೊಂಡವರು, ಅದೇ ಅವರಿಗೆ ಮುಳುವಾಯಿತು. ಕೊನೆಗೆ ನಿಟ್ಟುಸಿರು ಬಿಟ್ಟು, “ನಿಲ್ಲೋದಕ್ಕೆ ಸೀಟು ಬೇಕಾಗಿಲ್ಲ” ಎಂದು ಹೊಂಬಾಳೆಯನ್ನು ಸೇರಿಸಿಕೊಂಡರು. ದೊರೆಸಾಮಯ್ಯನವರು ಕೂಗಾಡಿದರು. ಆದರೆ ಬೆಂಚು ತೆಗೆಸಿದ್ದು ಅವರದೇ ಆಜ್ಞೆ. ಅದನ್ನು ಹಿಂದಕ್ಕೆ ಪಡೆದರೆ ಬೆಂಚು ಬರಬೇಕು, ಬೆಂಚು ಬಂದರೆ ಹುಡುಗಿ ಈಗಾಗಲೇ ಒಳಗಿದ್ದಾಳೆ.

ಗೆದ್ದೆಯಲ್ಲ ಎಂದು ನಾನು ನಿಂಗಾಜಮ್ಮನಿಗೆ ಹೇಳಿದೆ. ಅವಳಿಗೆ ಸಿಟ್ಟು ಬಂತು. “ಏನು ಗೆದ್ದೆ ಸ್ವಾಮಿ? ನಿಂತ್ಕೊಂಡು ಪಾಠ ಕೇಳೋಕೆ ಅವಳೇನು ಬಸ್ಸಲ್ಲಿ ಹೋಗ್ತಿದಾಳಾ? ನಿಮ್ಮೋರು ಅವಳನ್ನ ಒಳಗೆ ಬಿಟ್ಟಿದ್ದಲ್ಲ, ಎಲ್ಲಾ ಮಕ್ಕಳ್ನೂ ಹೊರಗೆ ನಿಲ್ಸಿದ್ದು.”

ಹಬ್ಬ ಮುಗಿದು ಚಳಿ ಬಲಿತ ಒಂದು ಸೋಮವಾರ, ಐದನೆಯ ತರಗತಿಯಲ್ಲಿ ನಾಗಪ್ಪಯ್ಯನವರು ಲೋಪಸಂಧಿ ಹೇಳುತ್ತಿದ್ದಾಗ, ಹೊಂಬಾಳೆ ನೆಲದ ಮೇಲೆ ಕೂತುಬಿಟ್ಟಳು. ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡು. “ಏಳು” ಎಂದರು ಮಾಸ್ತರರು. “ಕಾಲು ನೋಯ್ತದೆ ಸಾರ್.” “ಎಲ್ರಿಗೂ ನೋಯುತ್ತಮ್ಮ.” “ಹಂಗಾದ್ರೆ ಎಲ್ರೂ ಕೂತ್ಕೊಳ್ಳಿ ಸಾರ್.” ಮಾಸ್ತರರಿಗೆ ಇದರಲ್ಲಿ ತಪ್ಪು ಕಾಣಲಿಲ್ಲ. ಆದ್ದರಿಂದ ಅಧ್ಯಕ್ಷರಿಗೆ ಹೇಳಿಕಳಿಸಿದರು.

ದೊರೆಸಾಮಯ್ಯನವರು ಬಂದರು. ಅವರ ಹಿಂದೆ ಊರೂ ಬಂದು ಕಿಟಕಿಗಳಿಗೆ ಮುತ್ತಿಕೊಂಡಿತು. ನನಗೆ ಬಾಗಿಲ ಹತ್ತಿರವೇ ಜಾಗ ಸಿಕ್ಕಿತು, ಪಕ್ಕದಲ್ಲಿ ನಿಂಗಾಜಮ್ಮ. ಅಧ್ಯಕ್ಷರು ಹುಡುಗಿಯನ್ನು ರಟ್ಟೆ ಹಿಡಿದು ಎಬ್ಬಿಸಲು ಹೇಳಿದರು. ಹಿಡಿಯಲು ಯಾರೂ ಮುಂದೆ ಬರಲಿಲ್ಲ. “ಏಳ್ತೀಯೋ ಇಲ್ವೋ?” “ಎದ್ರೂ ಬಿಸಿ ಇಲ್ಲೇ ಇರ್ತದಲ್ಲ” ಎಂದಳು ಹೊಂಬಾಳೆ, ಆದರೂ ದೊಡ್ಡವರು ಹೇಳಿದರೆಂದು ಎದ್ದು ಪಕ್ಕಕ್ಕೆ ನಿಂತಳು. “ಈ ಚಪ್ಪಡಿ ಕೀಳ್ಸಿ!” ಎಂದರು ಅವರು. “ನೆಲ ಪೂರ್ತಿ ಕೀಳ್ಸಿ. ನೀರು ಹಾಕಿ ಕೆಸರು ಮಾಡಿ. ಆಮೇಲೆ ಯಾರು ಎಲ್ಲಿ ಕೂರ್ತಾರೆ ನೋಡೇಬಿಡ್ತೀನಿ.”

ಮೇಲ್ಕೇರಿಯ ಗಾರೆಯವನು ಬಂದ. ಚಪ್ಪಡಿಯನ್ನು ಬೆರಳ ಹಿಂಬದಿಯಿಂದ ಮುಟ್ಟಿ, ಹಾರೆ ಗೋಡೆಗೆ ಒರಗಿಸಿ, ಮನೆಯಲ್ಲಿ ಕೆಲಸವಿದೆ ಎಂದು ಹೋದ. ಚೆಲುವಯ್ಯನಿಗೆ ಕರೆ ಹೋಯಿತು. ಚೆಲುವಯ್ಯ ಬಂದು ತಲೆವಸ್ತ್ರ ತೆಗೆದು ಕಂಕುಳಲ್ಲಿಟ್ಟುಕೊಂಡ. “ಕೀಳ್ತೀನಿ ಬುದ್ಧೀ, ಹಾಸ್ದೋನೂ ನಾನೇಯಾ. ಆದ್ರೆ ವಯಸ್ಸಾಯ್ತಲ್ಲ, ಕುಕ್ಕರಗಾಲಲ್ಲಿ ಆಗಾಕಿಲ್ಲ. ಈ ಕಲ್ಲು ಕೀಳ್ಬೇಕಾದ್ರೆ ಪಕ್ಕದ ಕಲ್ಮ್ಯಾಲೆ ಕೂತ್ಕಬೇಕಾಯ್ತದೆ.” “ಕೂತ್ಕೊಂಡು ಕೀಳಯ್ಯ!” “ಆಮ್ಯಾಕೆ ಅದೂ ಬಿಸಿಯಾಯ್ತದಲ್ಲ ಬುದ್ಧೀ. ಅದನ್ನ ಕೀಳ್ಬೇಕಾದ್ರೆ ಅದರ ಪಕ್ಕದ್ರಲ್ಲಿ ಕೂತ್ಕಬೇಕು. ಹಿಂಗೇ ಕೂತ್ಕೂತು ಬಾಗ್ಲುಗಂಟ ಬತ್ತೀನಿ. ಬಾಗ್ಲಾಚೆ ನಿಮ್ ಬೀದಿ ಐತೆ. ಎಲ್ಲಿಗೆ ನಿಲ್ಸ್‌ಬೇಕು ಅಂತ ಒಂದ್ಮಾತು ಹೇಳಿಬುಡಿ.” ಕಿಟಕಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದು ಮೇಲ್ಕೇರಿಯ ನಗೆ, ನನಗೆ ಧ್ವನಿ ಗೊತ್ತು.

ದೊರೆಸಾಮಯ್ಯನವರು ತಾವೇ ಹಾರೆ ಕೈಗೆತ್ತಿಕೊಂಡರು. ಜರಿಪಂಚೆ ಎತ್ತಿ ಕಟ್ಟಿ, ಸಂದಿಗೆ ಹಾರೆ ತೂರಿಸಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟರು. ಚೆಲುವಯ್ಯ ಹಾಸಿದ ಕಲ್ಲು, ಜಪ್ಪಯ್ಯ ಎನ್ನಲಿಲ್ಲ. ಹಾರೆ ಜಾರಿತು. ಅಧ್ಯಕ್ಷರು ಎರಡು ಹೆಜ್ಜೆ ಹಿಂದಕ್ಕೆ ತಡವರಿಸಿ, ಕಾಲು ಮಡಚಿ, ಆ ಚಪ್ಪಡಿಯ ಮೇಲೆಯೇ ಕೂತರು.

ಮಳೆಗಾಲದಿಂದಲೂ ಬೀದಿಯಲ್ಲಿ, ಆಫೀಸಿನಲ್ಲಿ, ಮನೆಯ ಜಗಲಿಯಲ್ಲಿ ನಿಂತೇ ಇದ್ದ ಮನುಷ್ಯ. ಅವರ ಮುಖದಲ್ಲಿ ಮೊದಲು ಭಯ ಕಂಡಿತು, ಆಮೇಲೆ ನಾಚಿಕೆ, ಆಮೇಲೆ ಎಷ್ಟು ಬೇಡವೆಂದರೂ ತಡೆಯಲಾಗದೆ ಹರಡಿದ ಒಂದು ನಿರಾಳ. ಎತ್ತಿ ಎಂಬಂತೆ ಕೈ ಚಾಚಿದರು. ಬೆಚ್ಚಗಿನ ಜಾಗದಲ್ಲಿ ಕೂತವರನ್ನು ಮುಟ್ಟಬಹುದೋ ಬಾರದೋ ಎಂದು ಮೇಲ್ಕೇರಿ ಯೋಚಿಸುತ್ತ ನಿಂತಿತು. ಈ ಪ್ರಶ್ನೆ ಹಿಂದೆಂದೂ ಎದ್ದಿರಲಿಲ್ಲ. ಚಾಚಿದ ಕೈ ಚಾಚಿಕೊಂಡೇ ಇತ್ತು.

ಹೊಂಬಾಳೆ ಅವರ ಎದುರಿಗೆ ಬಂದು ನಿಂತಳು. ಸ್ಲೇಟನ್ನು ಎದೆಗೆ ಒತ್ತಿಕೊಂಡಿದ್ದಳು. “ಅಜ್ಜಾ, ಅದು ನನ್ ಜಾಗ. ಏಳಿ.”

ಅಷ್ಟು ಸಣ್ಣ ಮಾತನ್ನು ಆ ಊರಿನಲ್ಲಿ ಅಷ್ಟು ದೊಡ್ಡವರಿಗೆ ಯಾರೂ ಹೇಳಿರಲಿಲ್ಲ. ದೊರೆಸಾಮಯ್ಯನವರು ಅವಳನ್ನು ನೋಡಿದರು, ಕಿಟಕಿಗಳನ್ನು ನೋಡಿದರು, ಹಾರೆಯನ್ನು ಊರುಗೋಲು ಮಾಡಿಕೊಂಡು ಎದ್ದರು. ಪಂಚೆ ಇಳಿಬಿಟ್ಟುಕೊಳ್ಳುವುದನ್ನೂ ಮರೆತು ಬಾಗಿಲು ದಾಟಿ ಹೋದರು. ಅವರಿಗೆ ದಾರಿ ಬಿಡಲು ನಿಂಗಾಜಮ್ಮ ಸರಿಯಲಿಲ್ಲ. ಅವರೇ ಮೈ ಓರೆ ಮಾಡಿಕೊಂಡು ದಾಟಿದರು. ಹೊಂಬಾಳೆ ಕೂತು ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡಳು. “ಲೋಪಸಂಧಿ ಸಾರ್” ಎಂದಳು. “ಮುಂದಕ್ಕೆ ಹೇಳಿ.” ನಾಗಪ್ಪಯ್ಯನವರು ಗೋಡೆ ಬಿಟ್ಟು ನಿಧಾನವಾಗಿ ನೆಲಕ್ಕೆ ಇಳಿದು, ಊದಿದ ಕಾಲು ಚಾಚಿ ಕೂತು, ಪಾಠ ಮುಂದುವರಿಸಿದರು. ಮಕ್ಕಳು ಒಬ್ಬರ ಹಿಂದೊಬ್ಬರು ಕೂರತೊಡಗಿದರು, ಕೆಲವರು ಮುಟ್ಟಿ ನೋಡಿ, ಕೆಲವರು ನೋಡದೆ.

ನಿಂಗಾಜಮ್ಮ ಅಳುತ್ತಾಳೇನೋ ಎಂದುಕೊಂಡು ಅವಳ ಕಡೆ ತಿರುಗಿದೆ. ಅವಳು ಬಾಗಿಲಲ್ಲಿ ಕತ್ತು ಉದ್ದ ಮಾಡಿ, ಗೋಡೆಯಿಂದ ಗೋಡೆಯವರೆಗೆ ಆ ಕೋಣೆಯ ನೆಲವನ್ನು ಅಳೆಯುವವಳ ಹಾಗೆ ನೋಡುತ್ತಿದ್ದಳು. “ಹಿಂದ್ಗಡೆ ಇನ್ನೂ ಬೇಕಾದಷ್ಟು ಜಾಗ ಇದೆ ಸ್ವಾಮಿ” ಎಂದಳು. “ದೀಪಾವಳಿ ಕಳೀತಲ್ಲಮ್ಮ, ಇನ್ನು ಸೇರಿಸ್ಕೊಳ್ಳೋ ಹಾಗಿಲ್ಲ” ಎಂದು ಬೋರ್ಡಿನ ಕಟ್ಟಳೆ ನೆನಪಿಸಿದೆ. “ಸೇರಿಸ್ಕೊಳ್ಳಿ ಅಂತ ಈ ಸಲ ಯಾರು ಕೇಳ್ತಾರೆ?” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು. ಚೆಲುವಯ್ಯ ಅವಳ ಹಿಂದೆ ಓಡಿದ. ಇಬ್ಬರೂ ಗೂಡಿನ ಕಡೆಗೆ ಇಳಿದು ಹೋದರು, ಮಣ್ಣು ತುಳಿಯುತ್ತಿದ್ದ ಮಕ್ಕಳನ್ನು ಕರೆತರಲು.